ಹೊಸ ಊರಿನಲ್ಲಿ ಗಾಳಕ್ಕೆ ಒಳ್ಳೆಯ ಕೆರೆ ಹುಡುಕುವುದು: ನಕ್ಷೆಯಿಂದ ದಡದವರೆಗೆ

ಹಳೆಯ ಊರಿನಲ್ಲಿ ಯಾವ ತಿಂಗಳು ಯಾವ ಕೆರೆ, ಯಾವ ಬಂಡೆಯ ಮಗ್ಗುಲು, ಎಷ್ಟು ಹೊತ್ತಿಗೆ ಎಂಬುದೆಲ್ಲ ರೂಢಿಯಿಂದಲೇ ಗೊತ್ತಿರುತ್ತದೆ. ಹೊಸ ಜಾಗಕ್ಕೆ ಬಂದ ಮೇಲೆ ನಕ್ಷೆಯ ತುಂಬ ನೀಲಿ ಚುಕ್ಕೆಗಳು ಕಾಣುತ್ತವೆ, ಯಾವುದರಲ್ಲಿ ಮೀನಿದೆ ಎಂದು ಹೇಳುವವರು ಇರುವುದಿಲ್ಲ. ಮನೆಗೆ ಹತ್ತಿರದ ಕೆರೆಗೆ ಹೋಗಿ, ಎರಡು ಭಾನುವಾರ ಬರಿಗೈಯಲ್ಲಿ ವಾಪಸಾಗಿ, ಈ ಕಡೆ ಮೀನೇ ಇಲ್ಲ ಎಂದು ಕೈಬಿಡುವವರು ಬಹಳ.

ಕೆರೆಯ ಯೋಗ್ಯತೆ ಗೊತ್ತಾಗುವುದು ಅದರ ಅತಿ ಕಷ್ಟದ ತಿಂಗಳಿನಲ್ಲಿ. ತುಂಬಿದಾಗ ಯಾವ ಕೆರೆಯಾದರೂ ಚೆಂದವೇ. ನೀರು ತಳ ಸೇರಿದಾಗ, ಬಿಸಿಲು ಏರಿದಾಗ, ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಕುಸಿದಾಗ ಎಲ್ಲಿ ಮೀನು ಬದುಕಿ ಉಳಿಯುತ್ತದೆಯೋ ಅಲ್ಲಿ ಮಾತ್ರ ನಾಲ್ಕೈದು ವರ್ಷದ ದೊಡ್ಡ ಮೀನು ಇರಲು ಸಾಧ್ಯ. ಆದ್ದರಿಂದ ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿನವು ಮೀನಿಗಿಂತ ಮೊದಲು ನೀರನ್ನು ಪರೀಕ್ಷಿಸುತ್ತವೆ. ನಕ್ಷೆಯ ಮುಂದೆ ಒಂದು ಸಂಜೆ, ದಡದಲ್ಲಿ ಎರಡು ಮೂರು ಬೆಳಗು, ಆಮೇಲೆ ಎಂಟರಿಂದ ಹನ್ನೆರಡು ಸಲ ಗಾಳ ಹಾಕಿ ನೋಡುವಷ್ಟು ಸಮಯ ಇಟ್ಟುಕೊಳ್ಳಿ.

ನಕ್ಷೆಯ ಮುಂದೆ ಒಂದು ಸಂಜೆ

ಮನೆಯಿಂದ ಒಂದು ಗಂಟೆಯ ದಾರಿ ಎಷ್ಟು ದೂರವೋ ಅಷ್ಟಕ್ಕೆ ಒಂದು ವೃತ್ತ ಎಳೆಯಿರಿ. ಅದಕ್ಕಿಂತ ದೂರದ ಕೆರೆ ಎಷ್ಟೇ ಒಳ್ಳೆಯದಾದರೂ ಬೆಳಗಿನ ಜಾವಕ್ಕೆ ತಲುಪುವುದು ಕಷ್ಟ, ಎರಡು ತಿಂಗಳಲ್ಲಿ ಅಲ್ಲಿಗೆ ಹೋಗುವುದು ನಿಂತೇಹೋಗುತ್ತದೆ. ವೃತ್ತದೊಳಗಿನ ಕೆರೆ, ಜಲಾಶಯ, ನೀರು ತುಂಬಿದ ಹಳೆಯ ಕಲ್ಲುಕ್ವಾರಿ, ನದಿಯಿಂದ ಬೇರೆಯಾಗಿ ಉಳಿದ ಮಡುಗಳನ್ನೆಲ್ಲ ಗೂಗಲ್ ಮ್ಯಾಪ್ಸ್‌ನ ಉಪಗ್ರಹ ನೋಟದಲ್ಲೋ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೋ ಗುರುತು ಹಾಕಿ. ಮೂವತ್ತು ಸಿಕ್ಕರೂ ಚಿಂತೆಯಿಲ್ಲ, ಮುಂದಿನ ಹೆಜ್ಜೆಯಲ್ಲಿ ಬಹುಪಾಲು ಉದುರಿಹೋಗುತ್ತವೆ.

ಮೊದಲು ನೋಡಬೇಕಾದ್ದು ಕೆರೆ ಒಣಗುತ್ತದೆಯೇ ಎಂಬುದನ್ನು. ಇದಕ್ಕೆ ಗ್ಲೋಬಲ್ ಸರ್ಫೇಸ್ ವಾಟರ್ ಎಕ್ಸ್‌ಪ್ಲೋರರ್ ಎಂಬ ಉಚಿತ ನಕ್ಷೆ ಇದೆ. 1984ರಿಂದ ಈಚೆಗೆ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ತೆಗೆದ ಚಿತ್ರಗಳನ್ನು ಸೇರಿಸಿ, ಭೂಮಿಯ ಪ್ರತಿ ತುಣುಕಿನಲ್ಲೂ ನೀರು ಎಷ್ಟು ಪಾಲು ಕಾಲ ನಿಂತಿತ್ತು ಎಂದು ಅದು ಬಣ್ಣದಲ್ಲಿ ತೋರಿಸುತ್ತದೆ. ನಡುಭಾಗ ಗಾಢ ನೀಲಿಯಾಗಿದ್ದರೆ ಅಲ್ಲಿ ನೀರು ಬತ್ತುವುದೇ ಇಲ್ಲ ಎಂದೇ ತಿಳಿಯಬಹುದು. ಇಡೀ ಕೆರೆ ಮಾಸಲು ಬಣ್ಣದಲ್ಲಿದ್ದರೆ ಅದು ಕೆಲವು ವರ್ಷಕ್ಕೊಮ್ಮೆ ಪೂರ್ತಿ ಒಣಗುತ್ತದೆ. ಅಲ್ಲಿ ಸಿಗುವುದು ಕಳೆದ ಮಳೆಯ ನಂತರ ಬಂದ ಅಥವಾ ಬಿಟ್ಟ ಮೀನು ಮಾತ್ರ. ಆದರೆ ಎರಡು ಕಡೆ ಈ ನಕ್ಷೆ ಮೋಸ ಮಾಡುತ್ತದೆ. ಅದರ ಒಂದೊಂದು ಚೌಕ 30 ಮೀಟರ್ ಅಗಲದ್ದು, ಆದ್ದರಿಂದ ಒಂದು ಹೆಕ್ಟೇರಿಗಿಂತ ಚಿಕ್ಕ ಹೊಂಡಗಳು ಸರಿಯಾಗಿ ಮೂಡುವುದಿಲ್ಲ. ಇನ್ನು ಅಂತರಗಂಗೆ, ತಾವರೆ ಮುಚ್ಚಿದ ನೀರು ಅದಕ್ಕೆ ನೆಲದಂತೆಯೇ ಕಾಣುತ್ತದೆ. ಮಾಸಲು ಬಣ್ಣ ಕಂಡ ಕೂಡಲೇ ಕೆರೆಯನ್ನು ಹೊಡೆದುಹಾಕದೆ ಉಪಗ್ರಹ ಚಿತ್ರದಲ್ಲಿ ಹಸಿರು ಹೊದಿಕೆ ಇದೆಯೇ ಎಂದು ಒಮ್ಮೆ ನೋಡಿ.

ಉಳಿದ ಕೆರೆಗಳನ್ನು ಒಂದೊಂದಾಗಿ ಕಂಪ್ಯೂಟರಿನ ಗೂಗಲ್ ಅರ್ಥ್‌ನಲ್ಲಿ ತೆರೆದು ಹಳೆಯ ಚಿತ್ರಗಳ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತ ಹೋಗಿ. ನೀರು ಅತಿ ಕಡಿಮೆ ಇದ್ದ ದಿನದ ಚಿತ್ರ ಸಿಕ್ಕರೆ ನಿಧಿ ಸಿಕ್ಕಂತೆ. ಈಗ ನೀರಿನಡಿ ಮುಳುಗಿರುವ ಹಳೆಯ ಹಳ್ಳದ ದಾರಿ, ಮಣ್ಣು ತೆಗೆದ ಗುಂಡಿ, ಮರದ ಬೊಡ್ಡೆಗಳ ಸಾಲು, ಹಳೆಯ ರಸ್ತೆ ಎಲ್ಲವೂ ಅದರಲ್ಲಿ ಬತ್ತಲಾಗಿ ಕಾಣುತ್ತವೆ. ಚಿತ್ರವನ್ನು ಉಳಿಸಿ, ಕಡೆಯವರೆಗೂ ನೀರು ಉಳಿದ ಮಡುವಿನ ಸುತ್ತ ಗೆರೆ ಎಳೆಯಿರಿ. ಕೆರೆ ಬೇರೆ ಎಲ್ಲ ಅರ್ಥದಲ್ಲೂ ಪಾಸಾದರೆ ನೀವು ಮೊದಲು ಗಾಳ ಹಾಕುವುದು ಅದರ ಅಂಚಿನಲ್ಲಿ.

ನಕ್ಷೆಯಲ್ಲಿ ದಡದ ಸುತ್ತಲಿನ ಎತ್ತರದ ಗೆರೆಗಳನ್ನೂ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನೂ, ಗಮನಿಸಿ. ಗೆರೆಗಳು ಒತ್ತೊತ್ತಾಗಿ ಬಂದು ನೀರಿಗೆ ಇಳಿಯುವ ಕಡೆ ಕಡಿದಾದ ಇಳಿಜಾರು ನೀರಿನೊಳಗೂ ಮುಂದುವರಿದಿರುತ್ತದೆ. ಹತ್ತು ಮೀಟರ್ ಎಸೆದರೂ ಅಲ್ಲಿ ಆಳ ಸಿಗುತ್ತದೆ. ಗೆರೆಗಳು ದೂರದೂರ ಇರುವ ಕಡೆ ಮೊಣಕಾಲುದ್ದದ ನೀರು ಬಹುದೂರ ಹರಡಿರುತ್ತದೆ. ಕೊಲ್ಲಿ, ಮೂಲೆ, ನೆಲದ ನಾಲಿಗೆಗಳಿಂದ ಡೊಂಕುಡೊಂಕಾದ ದಡ ದುಂಡನೆಯ ದಡಕ್ಕಿಂತ ಒಳ್ಳೆಯದು: ಮರಿಗಳಿಗೆ ಮರೆ ಹೆಚ್ಚು, ದೊಡ್ಡ ಮೀನು ತಿರುಗಾಡುವ ತಿರುವು ಹೆಚ್ಚು.

ಕೊನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಮೇಲಕ್ಕೆ ಹುಡುಕಿಕೊಂಡು ಹೋಗಿ. ಹಳ್ಳ ಕಾಡಿನಿಂದಲೋ ಹುಲ್ಲುಗಾವಲಿನಿಂದಲೋ ಬಂದರೆ ಸರಿ. ಕಾರ್ಖಾನೆ, ಕಸದ ಗುಡ್ಡೆ, ಚರಂಡಿ ದಾಟಿ ಬಂದರೆ ಕೆರೆಯ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ. ಐದಾರು ದಿನಕ್ಕೊಂದರಂತೆ ಸಿಗುವ ಅವುಗಳಲ್ಲಿ ಕೆರೆಯ ಬಣ್ಣ ವರ್ಷವಿಡೀ ಹೇಗೆ ಬದಲಾಯಿತು ಎಂದು ನೋಡಬಹುದು. ತಿಂಗಳುಗಟ್ಟಲೆ ಬಣ್ಣ ಬಳಿದಂತೆ ಹಸಿರಾಗಿರುವ ಕೆರೆಯಲ್ಲಿ ಪಾಚಿಯ ಕಾಟ ಇದ್ದೇ ಇದೆ.

ಇಷ್ಟಾಗುವಾಗ ಐದಾರು ಹೆಸರು ಉಳಿದರೆ ಸಾಕು.

ಅನುಮತಿ, ಮೊದಲೇ

ಈ ಕೆಲಸ ಬೇಸರದ್ದೆಂದು ಮುಂದೂಡಬೇಡಿ. ಕೆರೆಯ ನೀರು ಒಬ್ಬರದು, ಮೀನಿನ ಹಕ್ಕು ಇನ್ನೊಬ್ಬರದು, ದಾರಿ ಮತ್ತೊಬ್ಬರದು ಆಗಿರಬಹುದು. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರರ ಒಪ್ಪಿಗೆ ಬೇಕು. ಕುಡಿಯುವ ನೀರಿನ ಜಲಾಶಯ, ಪಕ್ಷಿಧಾಮ, ವನ್ಯಧಾಮದ ಕೆರೆಗಳಲ್ಲಿ ಸಾಮಾನ್ಯವಾಗಿ ಗಾಳಕ್ಕೆ ನಿಷೇಧವೋ ಕಟ್ಟುನಿಟ್ಟಿನ ಮಿತಿಯೋ ಇರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ಐದು ವಿಷಯ ಕೇಳಿ ಬರೆದುಕೊಳ್ಳಿ: ಪರವಾನಗಿ ಬೇಕೆ, ಯಾವ ತಿಂಗಳು ನಿಷೇಧ, ಯಾವ ಮೀನಿಗೆ ಎಷ್ಟು ಉದ್ದದ ಮಿತಿ, ದಿನಕ್ಕೆ ಎಷ್ಟು ಮೀನು, ಯಾವ ಎರೆ ಅಥವಾ ಎಷ್ಟು ಗಾಳಕ್ಕೆ ಅವಕಾಶ. ಇದೇ ಕಚೇರಿಯಲ್ಲಿ ಆರನೆಯ ಪ್ರಶ್ನೆಯೊಂದನ್ನೂ ಕೇಳಿ: ಯಾವ ಕೆರೆಗೆ ಯಾವ ವರ್ಷ ಯಾವ ಜಾತಿಯ ಮರಿ ಬಿಟ್ಟಿದ್ದಾರೆ? ಮೂರು ವರ್ಷದ ಹಿಂದೆ ಬಿಟ್ಟ ಗೆಂಡೆ ಮರಿ ಈಗ ಎಷ್ಟು ಬೆಳೆದಿರಬೇಕು ಎಂಬ ಲೆಕ್ಕ ಆಗ ನಿಮ್ಮ ಕೈಯಲ್ಲೇ ಇರುತ್ತದೆ.

ದಡದವರನ್ನು ಕೇಳುವ ರೀತಿ

"ಮೀನು ಎಲ್ಲಿ ಸಿಗುತ್ತೆ?" ಎಂದು ಅಪರಿಚಿತರು ಕೇಳಿದರೆ ಯಾರೂ ನಿಜವಾದ ಜಾಗ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ವರ್ಷಗಟ್ಟಲೆ ಕಾದು ಕಂಡುಕೊಂಡ ಜಾಗ ಅದು. ಕೆರೆಯ ಬಗ್ಗೆ ಕೇಳಿ. "ನೀರು ಯಾವ ತಿಂಗಳು ತೀರಾ ಇಳಿಯುತ್ತೆ?", "ಪೂರ್ತಿ ಒಣಗಿದ್ದು ಯಾವಾಗ?", "ಮೀನು ಸತ್ತು ತೇಲಿದ್ದು ಉಂಟಾ?", "ಈ ಕಡೆ ಹೂಳು ಎಷ್ಟಿದೆ, ಕಾಲು ಹೂತುಹೋಗುತ್ತಾ?" ಇಂಥ ಪ್ರಶ್ನೆಗೆ ದನ ಕಾಯುವವರು, ತೂಬು ನೋಡಿಕೊಳ್ಳುವವರು, ಬಲೆ ಹಾಕುವವರು ಎಲ್ಲರೂ ಮನಬಿಚ್ಚಿ ಮಾತಾಡುತ್ತಾರೆ. ಉತ್ತರಗಳು ಉಪಗ್ರಹ ಚಿತ್ರಕ್ಕೆ ಹೊಂದುತ್ತವೆಯೇ ಎಂದು ತಾಳೆ ನೋಡಿ. ಎಲ್ಲ ಅಳತೆಯ ಮೀನು ಒಂದೇ ದಿನ ಸತ್ತು ತೇಲಿದ ಕಥೆ ಎರಡು ಬಾಯಿಂದ ಬಂದರೆ ಆ ಕೆರೆಯಲ್ಲಿ ಆ ವರ್ಷಕ್ಕಿಂತ ಹಿರಿಯ ಮೀನು ಹೆಚ್ಚಾಗಿ ಇರಲಾರದು.

ಗಾಳವಿಲ್ಲದ ಮೊದಲ ಭೇಟಿ

ಮೊದಲ ಸಲ ಕೋಲು ಮನೆಯಲ್ಲೇ ಇರಲಿ. ಕೈಯಲ್ಲಿ ಗಾಳವಿದ್ದರೆ ಕಣ್ಣು ಬೆಂಡಿನ ಮೇಲೆಯೇ ಇರುತ್ತದೆ, ಕೆರೆ ಕಾಣುವುದಿಲ್ಲ. ಸೂರ್ಯ ಹುಟ್ಟುವುದಕ್ಕೆ ಒಂದು ಗಂಟೆ ಮೊದಲು ದಡದಲ್ಲಿರಿ.

ಆ ಹೊತ್ತೇ ಏಕೆಂದರೆ, ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ಮತ್ತು ನೀರಗಿಡಗಳು ರಾತ್ರಿಯಿಡೀ ಅದನ್ನು ಬಳಸುತ್ತವೆ. ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅದು ದಿನದ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. ನೀರು ಬೆಚ್ಚಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಕಡಿಮೆ: ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಹಿಡಿಯುತ್ತದೆ, 20 ಡಿಗ್ರಿಯಲ್ಲಿ 9.1, 30 ಡಿಗ್ರಿಯಲ್ಲಿ 7.6. ಇದು 5ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಮೇವು ಬಿಡತೊಡಗುತ್ತವೆ, 2ರ ಹತ್ತಿರ ಬಂದರೆ ಸಾಯುತ್ತವೆ.

ಉಪಕರಣವಿಲ್ಲದೆಯೂ ಇದನ್ನು ಕಣ್ಣಿನಿಂದ ಓದಬಹುದು. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಉಂಗುರ ಎದ್ದು ಮಾಯವಾದರೆ ಮೀನು ಹುಳ ತಿನ್ನುತ್ತಿದೆ. ದಡದುದ್ದಕ್ಕೂ ನೂರಾರು ಬಾಯಿಗಳು ಮೇಲೇ ನಿಂತು ಪಚಪಚ ಎನ್ನುತ್ತಿದ್ದರೆ, ಹೆಜ್ಜೆ ಸಪ್ಪಳಕ್ಕೂ ಅವು ಚದುರದಿದ್ದರೆ, ನೀರು ಒಳಬರುವ ಮೋರಿಯ ಬಾಯಲ್ಲಿ ಮೀನು ಗುಂಪುಗೂಡಿದ್ದರೆ ಅದು ಉಸಿರಿಗಾಗಿ ಪರದಾಟ. ಇಂಥ ಕೆರೆಯನ್ನು ಪಟ್ಟಿಯ ಕೊನೆಗೆ ಹಾಕಿ. ಕೊರವ ಮೀನು ಮತ್ತು ಕೆಲವು ಕ್ಯಾಟ್‌ಫಿಶ್‌ಗಳು ಗಾಳಿಯನ್ನೇ ಉಸಿರಾಡಬಲ್ಲವು. ಅವು ಒಂದು ಗುಟುಕು ಹೀರಿ ಕೂಡಲೇ ಮುಳುಗುತ್ತವೆ, ಅದನ್ನು ಪರದಾಟವೆಂದು ತಿಳಿಯಬೇಡಿ. ನಿಮಗೆ ಕೊರವವೇ ಬೇಕಿದ್ದರೆ ಬೇರೆಯವರು ಬಿಟ್ಟ ಜೊಂಡಿನ ಕೆರೆಯೇ ನಿಮ್ಮ ಕೆರೆ.

ಬೆಳಕು ಹರಿದ ಮೇಲೆ ಒಂದು ಸುತ್ತು ನಡೆಯಿರಿ. ನೀರುಕಾಗೆ, ಗುಳುಮುಳುಕ ಒಂದೇ ಜಾಗದಲ್ಲಿ ಮತ್ತೆಮತ್ತೆ ಮುಳುಗುತ್ತಿದ್ದರೆ ಅಲ್ಲಿ ಸಣ್ಣ ಮೀನಿನ ಹಿಂಡಿದೆ, ಅದರ ಹಿಂದೆ ದೊಡ್ಡದು ಇರುವ ಸಾಧ್ಯತೆ ಇದೆ. ಬಕಗಳು ಸಾಲಾಗಿ ನಿಂತ ಕಡೆ ಬರಿಯ ಮರಿಗಳ ತೆಳುನೀರು. ತಿಳಿನೀರಿನ ಅಂಚಿನಲ್ಲಿ ತಟ್ಟೆಯಗಲದ ದುಂಡನೆಯ ಗುಂಡಿಗಳು ಸಾಲಾಗಿ ಕಂಡರೆ ಅವು ತಿಲಾಪಿಯಾದಂಥ ಮೀನಿನ ಗೂಡುಗಳು.

ಗುಳ್ಳೆಗಳ ಮುಂದೆ ಮಾತ್ರ ನಿಂತು ಹತ್ತು ನಿಮಿಷ ಕಳೆಯಿರಿ. ಕೆಸರಿನಿಂದ ಏಳುವ ಕೊಳೆತ ಅನಿಲದ ಗುಳ್ಳೆ ದಪ್ಪಗಿರುತ್ತದೆ, ಒಂದೇ ಜಾಗದಿಂದ ಬಂದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಮತ್ತೆ ಬರುತ್ತದೆ. ಗೆಂಡೆ ಕೆಸರು ಕೆದಕುತ್ತಿದ್ದರೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಗೊಂಚಲು ಏಳುತ್ತದೆ. ಮುಂದಿನ ಗೊಂಚಲು ಒಂದಡಿ ಆಚೆ, ಅದರ ಮುಂದಿನದು ಇನ್ನೊಂದಡಿ ಆಚೆ. ಜೊತೆಗೆ ನೀರು ಅಷ್ಟರಲ್ಲೇ ಮಣ್ಣುಬಣ್ಣಕ್ಕೆ ತಿರುಗುತ್ತದೆ. ಹೀಗೆ ನಡೆಯುವ ಗುಳ್ಳೆಗಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ತಲೆ ಎತ್ತಿಯೂ ನೋಡಿ. ವಿದ್ಯುತ್ ತಂತಿ ಹಾದುಹೋಗುವ ದಡವನ್ನು ಅಲ್ಲೇ ಕೈಬಿಡಿ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಯಿಂದ ಕನಿಷ್ಠ 30 ಮೀಟರ್ ದೂರ ಇರಬೇಕು. ನೀರು ಈಚೆಗಷ್ಟೇ ಹಿಂದೆ ಸರಿದ ದಡದ ಮಣ್ಣು ಮೇಲೆ ಒಣಗಿ ಬಿರುಕುಬಿಟ್ಟಂತೆ ಕಂಡರೂ ಕೆಳಗೆ ಸೊಂಟದುದ್ದ ಕೆಸರಿರಬಹುದು, ಕೋಲೊಂದನ್ನು ಚುಚ್ಚಿ ನೋಡದೆ ಇಳಿಯಬೇಡಿ.

ತಟ್ಟೆ ಮತ್ತು ಬಾಟಲಿ

ನೀರನ್ನು ಅಳೆಯಲು ಎರಡು ಸಾಮಾನು ಮನೆಯಲ್ಲೇ ಮಾಡಿಕೊಳ್ಳಬಹುದು.

ಮೊದಲನೆಯದು ತಿಳಿ ಅಳೆಯುವ ತಟ್ಟೆ. ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ನೀರಿನಲ್ಲಿ ಬಳಸಿದ ಉಪಾಯ ಇದು, ಇಂದಿಗೂ ಕೆರೆ ಅಧ್ಯಯನದಲ್ಲಿ ಇದನ್ನೇ ಬಳಸುತ್ತಾರೆ. 20 ಸೆಂಟಿಮೀಟರ್ ಅಗಲದ ದುಂಡನೆಯ ತಗಡನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಬಿಳಿ, ಕಪ್ಪು ಬಣ್ಣ ಬಳಿಯಿರಿ. ನಡುವೆ ತೂತು ಮಾಡಿ ಹಗ್ಗ ಕಟ್ಟಿ, ಅಡಿಗೆ ಕಾಲು ಕೆಜಿ ತೂಕ ಕಟ್ಟಿ, ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗಂಟು ಹಾಕಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ತೂಬಿನ ಕಟ್ಟೆಯಿಂದಲೋ ದೋಣಿಯಿಂದಲೋ ನೆರಳಿನ ಮಗ್ಗುಲಿಗೆ ಇಳಿಬಿಡಿ. ತಂಪು ಕನ್ನಡಕ ತೆಗೆದಿರಿ. ತಟ್ಟೆ ಕಣ್ಮರೆಯಾದ ಆಳವನ್ನೂ, ಮೇಲೆಳೆಯುವಾಗ ಮತ್ತೆ ಕಂಡ ಆಳವನ್ನೂ ಕೂಡಿಸಿ ಅರ್ಧ ಮಾಡಿ.

ಅರ್ಧ ಮೀಟರಿನಿಂದ ಒಂದೂವರೆ ಮೀಟರ್ ಬಂದರೆ ಮೇವು ಚೆನ್ನಾಗಿರುವ, ಗಾಳಕ್ಕೂ ಅನುಕೂಲವಾದ ನೀರು. 30 ಸೆಂಟಿಮೀಟರಿಗಿಂತ ಕಡಿಮೆ ಬಂದು ನೀರು ಕಂದಾಗಿದ್ದರೆ ಅದು ಮಳೆಯ ಮಣ್ಣು, ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಹಸಿರಾಗಿದ್ದರೆ ಪಾಚಿ ವಿಪರೀತವಾಗಿದೆ, ಬೆಳಗಿನ ಜಾವದ ಉಸಿರುಗಟ್ಟುವಿಕೆಗೆ ಅದೇ ಕಾರಣ. ಮೂರು ಮೀಟರ್ ದಾಟಿದರೆ ತಿಳಿನೀರು: ಮೀನು ಕಡಿಮೆ, ಇರುವುದೂ ನೆರಳು ಕಂಡರೆ ಬೆದರುತ್ತದೆ, ತೆಳ್ಳನೆ ದಾರ ಹಾಕಿ ಮುಸ್ಸಂಜೆಗೆ ಹೋಗಬೇಕು. ಈ ಅಳತೆಯ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಬೆಳಕು ತಕ್ಕಮಟ್ಟಿಗೆ ಇಳಿಯುತ್ತದೆ. ನೀರಗಿಡಗಳು ಸುಮಾರು ಅಲ್ಲಿಗೇ ನಿಲ್ಲುತ್ತವೆ, ಆ ಗಿಡದ ಗಡಿಯಲ್ಲೇ ಮೀನು ಓಡಾಡುತ್ತದೆ.

ಎರಡನೆಯದು ಆಳದ ನೀರು ತರುವ ಬಾಟಲಿ. ಅರ್ಧ ಲೀಟರಿನ ಗಾಜಿನ ಬಾಟಲಿಯ ಕುತ್ತಿಗೆಗೆ ಒಂದು ಹಗ್ಗ, ಬಿರಡೆಗೆ ಬೇರೊಂದು ದಾರ. ಒಳಗಿನ ಗಾಳಿ ಅರ್ಧ ಕೆಜಿಯಷ್ಟು ಮೇಲಕ್ಕೆ ಎತ್ತುವುದರಿಂದ ಅಡಿಗೆ 800 ಗ್ರಾಂ ಕಬ್ಬಿಣ ಕಟ್ಟಿ. ಕಲ್ಲಾದರೆ ಒಂದೂವರೆ ಕೆಜಿ ಬೇಕು, ಯಾಕೆಂದರೆ ನೀರಿನಲ್ಲಿ ಕಲ್ಲಿನ ತೂಕ ಬಹಳ ಇಳಿಯುತ್ತದೆ. ಬೇಕಾದ ಆಳಕ್ಕೆ ಇಳಿಸಿ ಬಿರಡೆಯ ದಾರವನ್ನು ಜಗ್ಗಿ. ಗುಳುಗುಳು ಗುಳ್ಳೆ ಬರುತ್ತದೆ, ನಿಂತ ಮೇಲೆ ಬೇಗ ಮೇಲೆಳೆದು ಥರ್ಮಾಮೀಟರ್ ಒಳಗಿಡಿ. ಮೇಲ್ಮೈಯಿಂದ ಶುರುಮಾಡಿ ಮೀಟರಿಗೊಂದರಂತೆ ಬರೆದುಕೊಳ್ಳಿ. ಬಿಸಿಗಾಲದಲ್ಲಿ ಎಲ್ಲೋ ಒಂದು ಕಡೆ, ಉದಾಹರಣೆಗೆ ನಾಲ್ಕನೆಯ ಮೀಟರಿಗೆ ಬಂದಾಗ, ಒಂದೇ ಮೀಟರಿನಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. ಅದು ಮೇಲಿನ ಬೆಚ್ಚನೆಯ ನೀರನ್ನೂ ಕೆಳಗಿನ ತಣ್ಣೀರನ್ನೂ ಬೇರೆ ಮಾಡುವ ಪದರ. ಅದರ ಕೆಳಗಿನ ನೀರು ತಿಂಗಳುಗಟ್ಟಲೆ ಗಾಳಿಯನ್ನು ಮುಟ್ಟಿರುವುದಿಲ್ಲ. ಮೇವು ಹೆಚ್ಚಿರುವ ಕೆರೆಯಲ್ಲಿ ತಳದ ಕೊಳೆತ ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಬಾಟಲಿಯನ್ನು ಮೂಗಿನ ಹತ್ತಿರ ಹಿಡಿಯಿರಿ: ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಆಳದಲ್ಲಿ ಮೀನಿಲ್ಲ. ಸೆಕೆ ಹೆಚ್ಚಿತು, ಮೀನು ತಂಪಿಗೆ ಆಳಕ್ಕೆ ಹೋಗಿರುತ್ತದೆ ಎಂದು ಎಂಟು ಮೀಟರಿನಲ್ಲಿ ಎರೆ ಇಟ್ಟು ದಿನವಿಡೀ ಕಾಯುವ ತಪ್ಪು ಇಲ್ಲಿಂದಲೇ ಹುಟ್ಟುವುದು. ಮೀನು ಪದರದ ಮೇಲೆಯೇ, ಮೂರು ಮೀಟರಿನ ಆಸುಪಾಸು ಇರುತ್ತದೆ. ಟ್ರೌಟ್ ಬದುಕುವಂಥ ಆಳವಾದ ತಿಳಿಗೆರೆಗಳಲ್ಲಿ ಮಾತ್ರ ಪದರದ ಕೆಳಗೂ ಉಸಿರಾಡುವ ನೀರಿರುತ್ತದೆ.

ನೀರಿನಡಿಯ ನೆಲ

40ರಿಂದ 60 ಗ್ರಾಂ ಸೀಸದ ಗುಂಡು, ಹಿಗ್ಗದ ಹೆಣೆದ ದಾರ, ಕೊಕ್ಕೆ ಬೇಡ. ಮೊದಲು ಆಳ ಗೊತ್ತಿರುವ ಕಡೆ ಗುಂಡನ್ನು ಬಿಗಿದಾರದಲ್ಲಿ ಇಳಿಬಿಟ್ಟು ತಳ ಮುಟ್ಟಲು ಎಷ್ಟು ಎಣಿಕೆ ಬೇಕೆಂದು ನೋಡಿಕೊಳ್ಳಿ. ಮೂರು ಮೀಟರಿಗೆ ಎರಡು ಎಣಿಕೆಯಾದರೆ ಒಂದು ಎಣಿಕೆಗೆ ಒಂದೂವರೆ ಮೀಟರ್. ಆಮೇಲೆ ದಡದಿಂದ ಬೀಸಣಿಗೆಯಂತೆ ಐದು ದಿಕ್ಕಿಗೆ ಎಸೆದು, ಪ್ರತಿ ಸಲ ಎಣಿಸಿ, ಕೋಲನ್ನು ಪಕ್ಕಕ್ಕೆ ಎಳೆಯುತ್ತ ನಿಧಾನವಾಗಿ ಒಂದೊಂದು ಮೀಟರ್ ಗುಂಡನ್ನು ಜಾರಿಸಿ.

ಕೋಲಿನ ತುದಿ ಟಕಟಕ ಎಂದರೆ ಜಲ್ಲಿಕಲ್ಲು. ಬೆಣ್ಣೆಯ ಮೇಲೆ ಜಾರಿದಂತಿದ್ದರೆ ಮರಳು ಅಥವಾ ಗಟ್ಟಿ ಜೇಡಿ. ಎಳೆಯಲು ಶುರುಮಾಡುವಾಗ ಅಂಟಿಕೊಂಡು ಆಮೇಲೆ ಹಗುರಾದರೆ ಹೂಳು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬಂದರೆ ಗಿಡ. ಗುಂಡು ಹೊರಬಂದಾಗ ಅಂಟಿದ ಮಣ್ಣು ನೋಡಿ: ಕರಿಯ ಗಬ್ಬು ಕೆಸರು ಬೇಡ, ಕಂದು ಬಣ್ಣದ ಕೆಸರಿನಲ್ಲಿ ಕೆಂಪು ಹುಳಗಳಿದ್ದರೆ ಮೀನಿನ ಊಟದ ಮನೆ ಅದು. ಹೂಳು ಮುಗಿದು ಗಟ್ಟಿ ನೆಲ ಶುರುವಾಗುವ ಗೆರೆ, ಗಿಡ ಮುಗಿಯುವ ಗೆರೆ, ಆಳ ಏಕಾಏಕಿ ಬೀಳುವ ಗೆರೆ ಎಲ್ಲಿ ಸಿಕ್ಕರೂ ದಾರಕ್ಕೆ ಶಾಯಿಯ ಗುರುತು ಹಾಕಿ, ಎದುರು ದಡದ ಯಾವ ಮರದ ನೇರಕ್ಕೆ ಎಂದು ಬರೆದಿಡಿ. ಶಬ್ದದ ಅಲೆಯಿಂದ ಆಳ ಅಳೆಯುವ, ನೀರಿಗೆ ಎಸೆಯುವ ಸೋನಾರ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ಆದರೂ ಗುಂಡು ಬಿಡಬೇಡಿ. 20 ಡಿಗ್ರಿ ಕೋನದ ಸೋನಾರ್ ಆರು ಮೀಟರ್ ಆಳದಲ್ಲಿ ಎರಡು ಮೀಟರ್ ಅಗಲದ ನೆಲವನ್ನು ಒಟ್ಟಿಗೆ ನೋಡುತ್ತದೆ, ಸಣ್ಣ ಮೆಟ್ಟಿಲು ಅದರಲ್ಲಿ ಅಳಿಸಿಹೋಗುತ್ತದೆ.

ಗಾಳದಿಂದ ಪರೀಕ್ಷೆ

ಈಗ ಉಳಿದಿರುವುದು ಎರಡು ಮೂರು ಕೆರೆ. ಪ್ರತಿ ಕೆರೆಗೂ ಒಂದೇ ಅಳತೆಗೋಲು ಇರಲಿ: ಎರಡು ಗಾಳ, ನಾಲ್ಕು ಗಂಟೆ, ಅದೇ ಎರೆ. ಒಂದಕ್ಕೆ ಎರೆಹುಳು, ಇನ್ನೊಂದಕ್ಕೆ ಜೋಳದ ಕಾಳೋ ಹಿಟ್ಟಿನ ಉಂಡೆಯೋ ಸಾಕು. ಒಂದು ಗಾಳ ದಡದಿಂದ ಮೂರು ನಾಲ್ಕು ಮೀಟರಿನೊಳಗೆ, ಇನ್ನೊಂದು ನೀವು ಕಂಡುಕೊಂಡ ಗೆರೆಯ ಮೇಲೆ. ಅರ್ಧ ಗಂಟೆ ಅಲುಗಾಟವೇ ಇಲ್ಲದಿದ್ದರೆ ಎರೆ ಬದಲಿಸುವ ಮೊದಲು ಜಾಗ ಬದಲಿಸಿ.

ಎರಡು ಗಾಳ ನಾಲ್ಕು ಗಂಟೆ ಎಂದರೆ ಎಂಟು ಗಾಳಗಂಟೆ. ನಾಲ್ಕು ಮೀನು ಬಂದರೆ ಗಾಳಗಂಟೆಗೆ 0.5. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಬೇರೆ ಬೇರೆ ವಾರಗಳಲ್ಲಿ ಹೋಗಿ ಸರಾಸರಿ ತೆಗೆಯಿರಿ. ಒಂದೇ ಭೇಟಿಯಿಂದ ಕೆರೆಯನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ. ದಿನಾಂಕ, ಹೊತ್ತು, ನೀರಿನ ಬಿಸಿ, ಗಾಳಿಯ ದಿಕ್ಕು, ನೀರಿನ ಮಟ್ಟ, ಜಾಗ, ಎರೆ, ಮೀನಿನ ಉದ್ದ, ತೂಕ ಇಷ್ಟನ್ನೂ ದಡದಲ್ಲೇ ಬರೆಯಿರಿ. ಮನೆಗೆ ಬಂದು ಬರೆದರೆ ಬರಿಗೈಯ ಗಂಟೆಗಳು ಲೆಕ್ಕದಿಂದ ತಾವಾಗಿಯೇ ಕಳೆದುಹೋಗುತ್ತವೆ.

ಎಣಿಕೆಗಿಂತ ಮೀನಿನ ಮೈಕಟ್ಟು ಹೆಚ್ಚು ಹೇಳುತ್ತದೆ. ಗ್ರಾಂ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ. 40 ಸೆಂಟಿಮೀಟರಿನ ಗೆಂಡೆ 960 ಗ್ರಾಂ ತೂಗಿದರೆ 96,000 ಭಾಗಿಸು 64,000, ಅಂದರೆ 1.5. ಅಷ್ಟೇ ಉದ್ದದ ಇನ್ನೊಂದು ಕೆರೆಯ ಗೆಂಡೆ 700 ಗ್ರಾಂ ಇದ್ದರೆ 1.1. ಒಂದೇ ಜಾತಿ, ಒಂದೇ ಕಾಲದಲ್ಲಿ ಹೋಲಿಸಿದಾಗ ಮಾತ್ರ ಈ ಅಂಕಿಗೆ ಬೆಲೆ, ಮೊಟ್ಟೆ ತುಂಬಿದ ಮೀನನ್ನು ಲೆಕ್ಕಕ್ಕೆ ಸೇರಿಸಬೇಡಿ. ಎರಡನೆಯ ಕೆರೆಯಲ್ಲಿ ಮೀನಿಗೆ ಹೊಟ್ಟೆ ತುಂಬುತ್ತಿಲ್ಲ. ಒಂದೇ ಅಳತೆಯ ಸಣ್ಣ ಮೀನುಗಳು ಒಂದರ ಹಿಂದೊಂದು ಕಚ್ಚಿ, ಎಲ್ಲದಕ್ಕೂ ತಲೆ ದೊಡ್ಡದು, ಬೆನ್ನು ಸಪೂರ ಎಂದಾದರೆ ಆ ಕೆರೆಯಲ್ಲಿ ಮೀನು ಅಗತ್ಯಕ್ಕಿಂತ ಹೆಚ್ಚಾಗಿ ಬೆಳವಣಿಗೆ ನಿಂತಿದೆ. ಮಕ್ಕಳಿಗೆ ಗಾಳ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು, ದೊಡ್ಡ ಮೀನಿಗಾಗಿ ಮಾತ್ರ ಅಲ್ಲಿ ಕಾಯಬೇಡಿ. ಗಂಟೆಗೆ ಒಂದೇ ಬಂದರೂ ಬೇರೆ ಬೇರೆ ಅಳತೆಯ, ಬೆನ್ನು ದುಂಡಗಿರುವ ಮೀನು ಬರುವ ಕೆರೆಯನ್ನೇ ಆರಿಸಿ.

ಹೋಲಿಕೆ ಕೆಡಿಸುವುದು ಬಹುಮಟ್ಟಿಗೆ ಗಾಳಿ. ಬೆಚ್ಚನೆಯ ಗಾಳಿ ಎರಡು ಮೂರು ದಿನ ಒಂದೇ ಕಡೆ ಬೀಸಿದರೆ ಮೇಲಿನ ಬಿಸಿನೀರೂ ತೇಲುವ ಮೇವೂ ಗಾಳಿ ಹೊಡೆಯುವ ದಡಕ್ಕೆ ಸೇರುತ್ತವೆ, ಅಲೆ ಮುಖಕ್ಕೆ ಬಡಿಯುವ ಕಡೆಯೇ ಕುಳಿತುಕೊಳ್ಳಿ. ಚಳಿಗಾಲದ ತಣ್ಣನೆಯ ಗಾಳಿಗೆ ಇದು ತಿರುಗುಮುರುಗು, ಗಾಳಿಗೆ ಮರೆಯಾಗಿ ಬಿಸಿಲು ಬೀಳುವ ದಡ ಮೇಲು. ಒಂದು ಕೆರೆಯನ್ನು ಗಾಳಿಯ ದಡದಿಂದಲೂ ಇನ್ನೊಂದನ್ನು ಮರೆಯ ದಡದಿಂದಲೂ ಪರೀಕ್ಷಿಸಿದರೆ ಅಂಕಿಗಳು ಗಾಳಿಯನ್ನು ಅಳೆಯುತ್ತವೆ, ಕೆರೆಯನ್ನಲ್ಲ.

ಮುಟ್ಟಬಾರದ ನೀರು

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಕಡ್ಡಿಯೊಂದನ್ನು ಅದ್ದಿ ಎತ್ತಿ. ಕೂದಲಿನಂತೆ ಎಳೆಎಳೆಯಾಗಿ ಜೋತುಬಿದ್ದರೆ ಸಾಮಾನ್ಯ ಪಾಚಿ. ಕಡ್ಡಿಗೆ ಪೇಂಟಿನಂತೆ ಬಳಿದುಕೊಂಡರೆ ಅದು ಸಯಾನೊಬ್ಯಾಕ್ಟೀರಿಯಾ ಆಗಿರಬಹುದು. ಇವುಗಳಲ್ಲಿ ಕೆಲವು ಯಕೃತ್ತಿಗೂ ನರಗಳಿಗೂ ವಿಷವಾಗುವ ವಸ್ತುಗಳನ್ನು ಬಿಡುತ್ತವೆ, ಕುದಿಸಿದರೂ ಹೋಗುವುದಿಲ್ಲ. ಆ ನೀರಿಗೆ ಕೈ ಹಾಕಬೇಡಿ, ನಾಯಿಯನ್ನು ಬಿಡಬೇಡಿ, ಅಲ್ಲಿನ ಮೀನು ತಿನ್ನಬೇಡಿ. ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯ ಮೀನೂ ಅಡುಗೆಗೆ ಬೇಡ. ಸಣ್ಣ ಮೀನು ತಿಂದು ಬದುಕುವ ದೊಡ್ಡ, ವಯಸ್ಸಾದ ಮೀನಿನ ಮೈಯಲ್ಲಿ ಪಾದರಸ ಹೆಚ್ಚು ಸೇರುತ್ತದೆ. ತಿನ್ನುವುದಾದರೆ ನಡುಗಾತ್ರದ್ದನ್ನು ಇಟ್ಟುಕೊಂಡು ದೊಡ್ಡದನ್ನು ಬಿಟ್ಟರೆ ನಿಮಗೂ ಒಳ್ಳೆಯದು, ಕೆರೆಗೂ ಒಳ್ಳೆಯದು.

ಹೊಸಬರು ಒಂದೇ ತಿಂಗಳಲ್ಲಿ ಐದು ಕೆರೆ ಸುತ್ತುವುದರಿಂದ ಕಳೆಗಿಡದ ತುಂಡು, ಚಿಪ್ಪುಹುಳದ ಮರಿ, ಮೀನಿನ ರೋಗ ಕೆರೆಯಿಂದ ಕೆರೆಗೆ ಅವರ ಬಲೆ, ಬೂಟುಗಳಲ್ಲೇ ಸಾಗುವ ಅಪಾಯ ಹೆಚ್ಚು. ಪ್ರತಿ ಭೇಟಿಯ ಕೊನೆಗೆ ಅಂಟಿದ ಗಿಡ, ಮಣ್ಣು ತೆಗೆದು, ಬಕೆಟ್ಟಿನ ನೀರನ್ನು ಅಲ್ಲೇ ನೆಲಕ್ಕೆ ಚೆಲ್ಲಿ. ಮನೆಯಲ್ಲಿ ತೊಳೆದು ಐದು ದಿನ ಬಿಸಿಲಿಗೆ ಒಣಗಿಸಿ. ಅಷ್ಟು ಬಿಡುವಿಲ್ಲದಿದ್ದರೆ ಬಲೆ, ಬೂಟುಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ. ಒಂದು ಕೆರೆಯ ಜೀವಂತ ಮೀನನ್ನು ಇನ್ನೊಂದಕ್ಕೆ ಎಂದೂ ಒಯ್ಯಬೇಡಿ, ಉಳಿದ ಎರೆಹುಳುವನ್ನೂ ದಡದಲ್ಲಿ ಎಸೆಯಬೇಡಿ.

ನೀರು ಇಳಿದ ವಾರ

ಆರಿಸಿಕೊಂಡ ಕೆರೆಗೆ ನೀರು ಅತಿ ಕಡಿಮೆಯಾದ ವಾರ ಫೋನು ಹಿಡಿದು ಹೋಗಿ. ಸುತ್ತ ನಡೆದು ನೂರು ಹೆಜ್ಜೆಗೊಂದು ಫೋಟೊ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಎದುರು ದಡದ ಮರವೋ ಕಂಬವೋ ಗುಡ್ಡದ ತುದಿಯೋ ಬರಲಿ. ಬತ್ತಲಾದ ಬಂಡೆ, ಬೊಡ್ಡೆ, ಹಳ್ಳದ ತಿರುವು ಸಿಕ್ಕ ಕಡೆ ನಿಂತು ಫೋನಿನ ನಕ್ಷೆಯಲ್ಲಿ ಗುರುತು ಒತ್ತಿ, ದಡದ ಯಾವ ಕಲ್ಲಿನಿಂದ ಎಷ್ಟು ಹೆಜ್ಜೆ ಎಂದು ಬರೆಯಿರಿ. ಉಳಿದ ಮಡುವಿನ ಪಕ್ಕ ಬೆಳಗಿನ ಜಾವ ಒಂದು ಗಂಟೆ ಕುಳಿತು ಮೀನಿನ ಬಾಯಿ ಮೇಲೆ ಬರುತ್ತದೆಯೇ ನೋಡಿ. ಆ ವಾರ ಗಾಳ ಹಾಕಬೇಡಿ, ಮೀನಿಗೆ ಅದು ಕಷ್ಟದ ಕಾಲ. ಮಳೆ ಬಂದು ಕೆರೆ ತುಂಬಿ, ಕೋಡಿ ಹರಿದು, ಕೆಂಪುನೀರು ತಿಳಿಯಾಗಲು ಎರಡು ಮೂರು ವಾರ ಬಿಟ್ಟು, ಫೋಟೊದಲ್ಲಿನ ಮರದ ನೇರಕ್ಕೆ ನಿಂತು ಬರೆದ ದೂರಕ್ಕೆ ಎಸೆಯಿರಿ.